ದೊರೆಯ ಬಿಳಿ ಮೂತಿ

ಮಂಗಳವಾರ, ಮಧ್ಯಾಹ್ನ

ಮಕ್ಕಳ ಅಪ್ಪನವರಿಗೆ ಮಕ್ಕಳ ಅಮ್ಮನ ನಮಸ್ಕಾರಗಳು.

ಮೊದಲಿಗೇ ಹೇಳಿಬಿಡುತ್ತೇನೆ, ನಿಮ್ಮ ನಾಯಿ ಬದುಕಿದೆ. ನಾನು ಈಗ ಬರೆಯುತ್ತಿರುವ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಗದ್ದ ಊರಿಕೊಂಡು ದೊರೆ ಗೊರಕೆ ಹೊಡೆಯುತ್ತಿದ್ದಾನೆ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದ, ಹಿತ್ತಲಿಗೆ ಹೋಗಿ ಬಂದ, ಪೇಪರಿನವನನ್ನು ಗೇಟಿನ ತನಕ ಬೊಗಳಿ ಕಳಿಸಿದ. ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು, ಎಲ್ಲಾದರೂ ಕೂತು, ಮುಂದಿನದನ್ನು ಓದಿ. ಅರ್ಧ ಓದಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವ ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲದ್ದಲ್ಲ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀರಿ. ನಮ್ಮಿಬ್ಬರ ಫೋನು ಮೂರನೇ ಮಾತಿಗೇ ‘ಸರಿ ಬಿಡು’ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನೀವೂ ಅದಕ್ಕೇ ಅಲ್ಲವೇ, ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆದದ್ದು?

ನಿಮ್ಮ ಕಾಗದ ಗುರುವಾರ ಬಂತು. ಹೊಸ ಮನೆ ಸಿಕ್ಕಿದ್ದು, ಅದು ನೆಲಮಹಡಿಯಲ್ಲಿರುವುದು, ಹಿಂದೆ ಅಂಗಳವಿರುವುದು, ನಾಯಿ ಇಟ್ಟುಕೊಳ್ಳಲು ಮನೆ ಮಾಲೀಕರ ತಕರಾರಿಲ್ಲದ್ದು, ಎಲ್ಲ ತಿಳಿಯಿತು. ಸಾಮಾನು ಸಾಗಿಸುವ ಕೆಲಸವಿರುವುದರಿಂದ ಈ ಭಾನುವಾರ ಬರುವುದಿಲ್ಲ, ಮುಂದಿನ ಭಾನುವಾರ ಬಂದು ದೊರೆಯನ್ನು ಕಾಯಂ ಆಗಿ ಕರೆದುಕೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ. ‘ಅವನಿಗೂ ವಯಸ್ಸಾಯಿತು, ನಿನ್ನ ಮನೆಯಲ್ಲಿ ಮಕ್ಕಳು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ’ ಅಂತಲೂ ಬರೆದಿದ್ದೀರಿ. ನಿನ್ನ ಮನೆ ಅಂತೆ. ಇರಲಿ.

ಓದಿ ಸಿಟ್ಟು ಬಂತು. ನಾನು ಮುಂದಿನ ಕೋಣೆಯನ್ನು ಪಾರ್ಲರ್ ಮಾಡಿಕೊಂಡ ಮೇಲೆ ‘ಈ ಮನೆಯಲ್ಲಿ ನನಗೆ ಕಾಲು ಚಾಚಲೂ ಜಾಗವಿಲ್ಲ’ ಅಂತ ಜಗಳ ತೆಗೆದು ಬಾಡಿಗೆ ಕೋಣೆಗೆ ಹೋದವರು ನೀವು. ಅಲ್ಲಿ ನಾಯಿ ಇಡುವ ಹಾಗಿಲ್ಲ ಅಂತ ದೊರೆಯನ್ನು ನಮ್ಮ ಕೊರಳಿಗೆ ಕಟ್ಟಿದವರೂ ನೀವೇ. ಅಂದಿನಿಂದ ವಾರ ತಪ್ಪದೆ ಭಾನುವಾರ ಬೆಳಿಗ್ಗೆ ಗೇಟಿನ ಆಚೆ ನಿಂತು ಸಿಳ್ಳೆ ಹೊಡೆಯುತ್ತೀರಿ. ದೊಡ್ಡವಳು ದೊರೆಯ ಹಗ್ಗ ಹಿಡಿದು ಓಡುತ್ತಾಳೆ, ಪುಟ್ಟ ಒಂದು ಕಾಲಿಗೆ ಚಪ್ಪಲಿ ಹಾಕಿ ಅವಳ ಹಿಂದೆ ಓಡುತ್ತಾನೆ, ನಾಲ್ಕೂ ಜನ ಕೆರೆ ಸುತ್ತಿ ಬರುತ್ತೀರಿ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯನಿಗೆ ನಮ್ಮ ಮನೆಯ ನಾಲ್ಕು ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾನು ಕಿಟಕಿಯ ಪರದೆ ಸರಿ ಮಾಡುವ ನೆಪದಲ್ಲಿ ನೋಡುತ್ತಿರುತ್ತೇನೆ. ಆ ಪರದೆ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಈಗ ಶನಿವಾರದ ವಿಷಯ.

ಶನಿವಾರ ಪಾರ್ಲರಿನಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಕುರ್ಚಿಯಲ್ಲಿ ಬ್ಯಾಂಕಿನ ಮೇಡಂ, ಬೆಂಚಿನಲ್ಲಿ ಇನ್ನೂ ಇಬ್ಬರು. ಮೇಡಂ ತಲೆಗೆ ಬಣ್ಣ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿ ಕೂರಿಸಿದೆ. ಕಲಸಿ ಉಳಿದ ಬಣ್ಣವನ್ನು ಆ ಕ್ಷಣವೇ ತೊಳೆದು ಚೆಲ್ಲುವುದು ನನ್ನ ಪದ್ಧತಿ. ಅದಕ್ಕಾಗಿ ನೀವು ನನ್ನನ್ನು ಎಷ್ಟು ಗೇಲಿ ಮಾಡಿಲ್ಲ! ಅವತ್ತು ಮಾತ್ರ ಬಟ್ಟಲು, ಕುಂಚ ಎರಡನ್ನೂ ಹಿಂದಿನ ಸಿಂಕಿನ ಪಕ್ಕ ಇಟ್ಟು, ಏಪ್ರನ್ ಜೇಬಿನಿಂದ ನಿಮ್ಮ ಕಾಗದ ತೆಗೆದು ಮತ್ತೊಂದು ಸಲ ಓದಿದೆ. ತಪ್ಪು ನಿಮ್ಮ ಕಾಗದದ್ದು ಅನ್ನುತ್ತಿಲ್ಲ. ಸ್ವಲ್ಪ ಅನ್ನುತ್ತಿದ್ದೇನೆ.

ಹಿತ್ತಲಲ್ಲಿ ಮಕ್ಕಳು ಆಡುತ್ತಿದ್ದರು. ಸದ್ದಿಲ್ಲ. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಎದ್ದು ಹೋಗಿ ನೋಡಬೇಕು. ನಾನು ಪುಣ್ಯಕ್ಕೆ ಸುಮ್ಮನಿದ್ದಾರಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಪುಟ್ಟ ಪರದೆ ಸರಿಸಿ ಮುಖ ಹಾಕಿದ. ಅಮ್ಮಾ, ದೊರೆ ಯಾಕೋ ಸೋಪು ತಿಂದೋರ್ ಥರ ನೊರೆ ಬಿಡ್ತಿದಾನೆ ಅಂದ.

ಹೋಗಿ ನೋಡುತ್ತೇನೆ, ದೊರೆಯನ್ನು ಚಾಪೆಯ ಮೇಲೆ ಕೂರಿಸಿ, ಕೊರಳಿಗೆ ಗಿರಾಕಿಗಳ ಬಟ್ಟೆ ಕಟ್ಟಿ, ಎದುರಿಗೆ ಕೈಗನ್ನಡಿ ಒರಗಿಸಿದ್ದಾರೆ. ಮೂತಿ, ಹುಬ್ಬು, ಗದ್ದ, ಎಲ್ಲೆಲ್ಲಿ ಬೆಳ್ಳಗಿತ್ತೋ ಅಲ್ಲೆಲ್ಲ ಕರ್ರಗೆ ಬಣ್ಣ. ನಾಟಕದಲ್ಲಿ ಕಳ್ಳನ ಪಾತ್ರಕ್ಕೆ ಮೀಸೆ ಬರೆದ ಹಾಗೆ ಕಾಣುತ್ತಿದ್ದ. ದೇವರಾಣೆ, ಒಂದು ಗಳಿಗೆ ನಗು ಬಂತು. ಆಮೇಲೆ ನೊರೆಯ ಬಣ್ಣ ಕಂಡಿತು. ಅವನು ನೆಕ್ಕಿದ್ದ. ನಾಯಿ ಅಂದ ಮೇಲೆ ಮೂತಿ ನೆಕ್ಕದೆ ಇರುತ್ತದೆಯೇ?

ಅವನನ್ನು ಎತ್ತಿಕೊಂಡು ಸಿಂಕಿಗೆ ಹಾಕಿ, ಗಿರಾಕಿಯ ಕಣ್ಣಿಗೆ ಬಣ್ಣ ಬಿದ್ದರೆ ಹೇಗೆ ನೀರು ಬಿಡುತ್ತೇವೋ ಹಾಗೆ ಬಿಟ್ಟೇ ಬಿಟ್ಟೆ. ಕಪ್ಪು ನೀರು ಹರಿಯುತ್ತಲೇ ಇತ್ತು. ಅಷ್ಟರಲ್ಲಿ ತುಟಿ ಊದಿತ್ತು, ಒಂದು ಕಣ್ಣು ಮುಚ್ಚಿತ್ತು, ಉಸಿರು ಎಳೆದುಕೊಳ್ಳುವಾಗ ಸುಂಯ್ ಅನ್ನುತ್ತಿತ್ತು. ದೊಡ್ಡವಳು ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು, ಕುಂಚ ಇನ್ನೂ ಕೈಯಲ್ಲೇ ಇತ್ತು. ನಾನೇನು ಕಿರುಚಿದೆನೋ ನೆನಪಿಲ್ಲ. ಪಕ್ಕದ ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು, ಬ್ರೆಡ್ ಸಾಗಿಸುವ ವ್ಯಾನು ತೆಗೆದರು. ಯಾರೂ ಕೇಳದೆ ಬ್ಯಾಂಕಿನ ಮೇಡಂ ತಲೆಯ ಮೇಲಿನ ಟೋಪಿ ಸಮೇತ ಹತ್ತಿ ಕೂತರು. ನಾಯಿ ತಲೆ ನಾನ್ ಹಿಡ್ಕೋತೀನಿ, ನೀವು ಮಕ್ಕಳನ್ನ ಹಿಡ್ಕೊಳ್ಳಿ, ಅದೂ ಇದೂ ಎರಡೂ ನಿಮ್ಮಿಂದ ಆಗಲ್ಲ ಅಂದರು. ಸಾಲ ಕೇಳಲು ಹೋದಾಗ ತಲೆ ಎತ್ತಿ ನೋಡದ ಹೆಂಗಸು ಅಂತ ನೀವು ಅವರನ್ನು ಬೈಯುತ್ತಿದ್ದಿರಿ. ಇನ್ನು ಮೇಲೆ ಬೈಯಬೇಡಿ.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಾದವರು, ಮುಲಾಜಿಲ್ಲದವರು. ನಾನು ಗಾಬರಿಯಲ್ಲೂ ಬಣ್ಣದ ಡಬ್ಬಿ ತಂದಿದ್ದೆ, ಅದನ್ನು ನೋಡಿ ಒಳ್ಳೇದು ಮಾಡಿದಿರಿ ಅಂದರು. ಅವರಿಂದ ಸಿಕ್ಕ ಒಳ್ಳೆಯ ಮಾತು ಅದೊಂದೇ. ವಾಂತಿ ಮಾಡಿಸಲಾ ಅಂತ ನಾನು ಕೇಳಿದ್ದಕ್ಕೆ, ಒಳಗೆ ಹೋಗುವಾಗ ಸುಟ್ಟಿದ್ದು ಹೊರಗೆ ಬರುವಾಗಲೂ ಸುಡುತ್ತೆ, ಸುಮ್ಮನಿರಿ ಅಂದರು. ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಹಾಕಿದರು, ಬಣ್ಣ ಹತ್ತಿದ ಕೂದಲನ್ನೆಲ್ಲ ಮಷಿನ್ನಿನಲ್ಲಿ ತೆಗೆದರು.

ತೆಗೆಯುತ್ತಾ ಹೋದ ಹಾಗೆ ಮಿಕ್ಕಿದ್ದೂ ಅವರ ಕಣ್ಣಿಗೆ ಬಿತ್ತು. ಮುಂಗಾಲಿನ ಉಗುರಿಗೆ ಗುಲಾಬಿ ಬಣ್ಣ. ಕಿವಿಯ ಹಿಂದೆ ಕ್ಲಿಪ್ಪು ಎಳೆದು ಬೋಳಾದ ಜಾಗ. ಬಾಲದ ಬುಡದಲ್ಲಿ, ಕೂದಲಿನ ಒಳಗೆ ಯಾರಿಗೂ ಕಾಣದ ಹಾಗೆ, ಒಂದು ರಬ್ಬರ್ ಬ್ಯಾಂಡು. ಪುಟ್ಟನ ಹುಟ್ಟುಹಬ್ಬಕ್ಕೆ ರಿಬ್ಬನ್ ಕಟ್ಟಿದ್ದರಲ್ಲ, ರಿಬ್ಬನ್ ಬಿಚ್ಚಿದ್ದಾರೆ, ಬ್ಯಾಂಡು ಮರೆತಿದ್ದಾರೆ. ಅದು ಚರ್ಮಕ್ಕೆ ಇಳಿದಿತ್ತು. ಡಾಕ್ಟರಮ್ಮ ಅದನ್ನು ಕತ್ತರಿಸಿ ತೆಗೆದು, ಚಿಮಟದಲ್ಲಿ ಹಿಡಿದು, ನನಗಲ್ಲ, ಮಕ್ಕಳಿಗೆ ತೋರಿಸಿದರು. ನಾಯಿ ಅಂದ್ರೆ ಬೊಂಬೆ ಅಂದ್ಕೊಂಡ್ರಾ? ಬೇಕಾದಾಗ ಆಡಿಸಿ ಮೂಲೆಗೆ ಎಸೆಯೋಕೆ? ಇದು ನೋವಾದ್ರೂ ಹೇಳಲ್ಲ ಅಂತ ತಾನೆ ನಿಮ್ಮ ಆಟ? ಅಂತ ಕೇಳಿದರು. ಪುಟ್ಟ ನನ್ನ ಸೆರಗಿನ ಹಿಂದೆ ಅಡಗಿದ. ದೊಡ್ಡವಳು ಅಡಗಲಿಲ್ಲ, ಕಣ್ಣು ಮಿಟುಕಿಸದೆ ಆ ಬ್ಯಾಂಡನ್ನೇ ನೋಡುತ್ತಿದ್ದಳು. ನನಗೂ ತಲೆ ಎತ್ತಲು ಆಗಲಿಲ್ಲ. ಆ ಹುಟ್ಟುಹಬ್ಬದ ದಿನ ಬಾಲದ ರಿಬ್ಬನ್ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕು ಫೋಟೋ ತೆಗೆದವಳು ನಾನೇ.

ಆಮೇಲೆ ಹೊರಗೆ ಬೆಂಚಿನಲ್ಲಿ ಕಾಯುವ ಕೆಲಸ. ಪುಟ್ಟ ಬಾಗಿಲು ತೆರೆದಾಗಲೆಲ್ಲ ಒಳಗೆ ಹಣಕಿ, ದೊರೆ ಸಾಯ್ತಾನಾ ಅಂತ ಯಾರು ಸಿಕ್ಕಿದರೆ ಅವರನ್ನು ಕೇಳುತ್ತಿದ್ದ. ನಾನು ಫೋನು ಕೈಗೆ ತೆಗೆದುಕೊಂಡೆ, ಇಟ್ಟೆ, ಮತ್ತೆ ತೆಗೆದುಕೊಂಡೆ. ಏನು ಹೇಳಲಿ? ನಿಮ್ಮ ಅವ್ವ ತೀರಿಕೊಂಡ ವರ್ಷ ನೀವು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ಮರಿ ಅದು, ನನಗಿಂತ ಮೊದಲೇ ನಿಮ್ಮ ಮನೆಗೆ ಬಂದದ್ದು. ಅದು ನನ್ನ ಬಟ್ಟಲಿನ ಬಣ್ಣ ನೆಕ್ಕಿ ಹೋಯಿತು ಅಂತ ಯಾವ ಬಾಯಿಂದ ಹೇಳಲಿ? ಹೆದರಿಕೆ ಅದೊಂದೇ ಆಗಿರಲಿಲ್ಲ. ಇನ್ನೊಂದನ್ನು ಬರೆಯದೆ ಬಿಡುತ್ತೇನೆ.

ಮೇಡಂ ತಲೆಯ ಬಣ್ಣ ತೊಳೆಯುವ ಹೊತ್ತು ಯಾವಾಗಲೋ ಮೀರಿತ್ತು. ನನಗೆ ನೆನಪಾಗುವಷ್ಟರಲ್ಲಿ ಅವರೇ ಆಸ್ಪತ್ರೆಯ ನಲ್ಲಿಗೆ ತಲೆ ಕೊಟ್ಟು ತೊಳೆದುಕೊಂಡು ಬಂದರು. ಕಡುಗಂದು ಬೇಕು ಅಂತ ಬಂದಿದ್ದವರು ಇದ್ದಿಲಿನ ಹಾಗೆ ಕರ್ರಗಾಗಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆಗೆದರೆ, ಇರ್ಲಿ ಬಿಡಿ, ಇನ್ನೊಂದ್ಸಲ ಹುಡುಗಿ ಆದೆ ಅನ್ನುತ್ತಾ ತಲೆ ಒರೆಸಿಕೊಂಡರು. ಅದೇ ಹೊತ್ತಿಗೆ ಡಾಕ್ಟರಮ್ಮ ಬಾಗಿಲಲ್ಲಿ ನಿಂತು, ಬನ್ನಿ, ನಿಮ್ಮ ದೊರೆಗಳು ಬಾಲ ಅಲ್ಲಾಡಿಸ್ತಿದ್ದಾರೆ ಅಂದರು.

ನನಗೆ ಹೋದ ಜೀವ ಬಂತು ನೋಡಿ. ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಕ್ಕೆನೋ ಅತ್ತೆನೋ, ಬೇಕರಿಯವರು ನನಗೆ ನೀರು ತರಲು ಓಡಿದರು. ಒಳಗೆ ಹೋದರೆ ಮೂತಿ ಬೋಳಿಸಿಕೊಂಡು, ಒಂದೇ ಕಣ್ಣು ಬಿಟ್ಟುಕೊಂಡು, ಮೇಜಿನ ಮೇಲೆ ಮಲಗಿದ್ದ. ಮಕ್ಕಳನ್ನು ಕಂಡದ್ದೇ ಬಾಲ ಬಡಿದ. ಅಷ್ಟೆಲ್ಲ ಮಾಡಿದವರ ಮೇಲೆ ಸಿಟ್ಟಾದರೂ ಬೇಡವೇ ಅವನಿಗೆ? ವ್ಯಾನಿನಲ್ಲಿ ಉಳಿದಿದ್ದ ಒಂದು ಬನ್ನನ್ನು ಬೇಕರಿಯವರು ಹಾಲಿನಲ್ಲಿ ನೆನೆಸಿ ಹಿಡಿದರು. ಡಾಕ್ಟರಮ್ಮನ ಕಡೆ ನೋಡಿದೆವು. ತಿನ್ನಲಿ ಅಂದರು. ತಿಂದ. ಇನ್ನೊಂದಿದೆಯಾ ಅನ್ನುವ ಹಾಗೆ ಬೇಕರಿಯವರ ಕೈ ಮೂಸಿದ. ನಾನು ಈ ಜನ್ಮದಲ್ಲಿ ಯಾರು ಊಟ ಮಾಡುವುದನ್ನೂ ಅಷ್ಟು ಖುಷಿಯಿಂದ ನೋಡಿಲ್ಲ.

ವಾಪಸ್ ಬರುವಾಗ ದೊಡ್ಡವಳು ಬಾಯಿ ಬಿಟ್ಟಳು. ನಾನು ಕೇಳಿರಲೂ ಇಲ್ಲ. ಅಮ್ಮಾ, ನಿನ್ನ ಹತ್ರ ಬೆಳ್ಳಗಾದೋರು ಬಂದು ಕಪ್ಪು ಮಾಡಿಸ್ಕೊಂಡು ಚಿಕ್ಕೋರಾಗಿ ಹೋಗ್ತಾರಲ್ವಾ, ಅಪ್ಪ ಹೋದ ಭಾನುವಾರ ದೊರೆ ಮೂತಿ ಸವರಿ, ‘ನೋಡು ಎಷ್ಟು ಬೆಳ್ಳಗಾಯ್ತು, ಮುದುಕ ಆದ, ಇನ್ನು ನನ್ನ ಹತ್ರಾನೇ ಇರ್ಲಿ’ ಅಂದ್ರು. ಕಪ್ಪಾದ್ರೆ ಕರ್ಕೊಂಡು ಹೋಗಲ್ಲ ಅಂದ್ಕೊಂಡೆ ಅಂದಳು. ಹೊಸ ಗಿರಾಕಿಗೆ ಬಣ್ಣ ಹಚ್ಚುವ ಮೊದಲು ನಾನು ಕಿವಿಯ ಹಿಂದೆ ಒಂದು ಬೊಟ್ಟಿಟ್ಟು, ಒಂದು ದಿನ ಕಾದು, ಚರ್ಮಕ್ಕೆ ಆಗಿ ಬರುತ್ತದೋ ಇಲ್ಲವೋ ನೋಡುತ್ತೇನಲ್ಲ, ಅದನ್ನೂ ಮಾಡಿದ್ದಾಳೆ ಮಹಾತಾಯಿ. ಕಾದದ್ದು ಮಾತ್ರ ಪುಟ್ಟನಿಗೆ ಎಷ್ಟು ಎಣಿಸಲು ಬರುತ್ತದೋ ಅಷ್ಟು ಹೊತ್ತು.

ಪುಟ್ಟ ನನ್ನ ತೊಡೆಯ ಮೇಲಿಂದಲೇ, ದೊರೆ ಹೋದ್ರೆ ಅಪ್ಪ ಭಾನುವಾರ ಯಾಕ್ ಬರ್ತಾರೆ ಅಂತ ಕೇಳಿದ. ಬೇಕರಿಯವರು ರಸ್ತೆ ನೋಡುತ್ತಿದ್ದರು. ಮೇಡಂ ಕಿಟಕಿಯ ಕಡೆ ತಿರುಗಿದರು. ಬೈಯಬೇಕು ಅಂತ ಮನೆ ತನಕ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಅಲ್ಲೇ ಖಾಲಿಯಾಯಿತು.

ಈಗ ಮನೆಯಲ್ಲಿ ಹೊಸ ಕಾನೂನು ಬಂದಿದೆ. ದೊರೆಯ ಹಾಸಿಗೆಯ ಸುತ್ತ ನೆಲಕ್ಕೆ ಟೇಪು ಅಂಟಿಸಿದ್ದೇವೆ. ಅದರೊಳಗೆ ಯಾರೂ ಕಾಲಿಡುವ ಹಾಗಿಲ್ಲ, ಅವನಾಗಿ ಎದ್ದು ಹೊರಗೆ ಬಂದರೆ ಮಾತ್ರ ಮಾತುಕತೆ. ಅವನೋ, ಅದು ಗೊತ್ತಾದ ಮೇಲೆ ಟೇಪಿನ ಗೆರೆಯ ಮೇಲೆಯೇ ಮಲಗುತ್ತಾನೆ. ನೀರಿನ ಬಟ್ಟಲು ಪುಟ್ಟನ ಜವಾಬ್ದಾರಿ. ದಿನಕ್ಕೆ ಎಷ್ಟು ಸಲ ಬದಲಾಯಿಸುತ್ತಾನೆ ಅಂದರೆ ನಾಯಿಗೆ ಕುಡಿಯಲು ಬಿಡುವು ಕೊಡು ಮಾರಾಯ ಅನ್ನಬೇಕಾಗಿದೆ. ದೊಡ್ಡವಳು ಭಾನುವಾರ ಸಂಜೆ ಒಂದು ಪದ್ಯ ಬರೆದು ತಂದು, ಟೇಪಿನ ಆಚೆ ಕೂತು, ದೊರೆಗೆ ಓದಿ ಹೇಳಿದಳು. ಈಗ ಅದನ್ನು ಪಾರ್ಲರಿನ ಕನ್ನಡಿಗೆ ಅಂಟಿಸಿದ್ದಾಳೆ. ಹಾಗೇ ನಕಲು ಮಾಡಿ ಕಳಿಸುತ್ತಿದ್ದೇನೆ:

ಬಾಲಕೆ ರಿಬ್ಬನ್ ಕಟ್ಟಿದೆವು,
ಬೆನ್ನಿನ ಮೇಲೆ ಹತ್ತಿದೆವು,
ಮಲಗಿದ ನಿನ್ನ ಕಿವಿಯ ಒಳಗೆ
ಕೂ ಎಂದು ಕೂಗಿ ಓಡಿದೆವು.

ಬಟ್ಟಲು ತುಂಬ ನೀರಿದೆಯೆಂದು
ನೋಡದೆ ಹೇಳಿ ಆಡಿದೆವು.
ನೀನು ಒಮ್ಮೆಯೂ ಕಚ್ಚಲಿಲ್ಲ,
ಅದಕ್ಕೇ ಹೀಗೆ ಮಾಡಿದೆವು.

ಕುರ್ಚಿಯಲ್ಲಿ ಕೂತ ಗಿರಾಕಿಗಳು ಓದಿ ನಗುತ್ತಾರೆ, ಕೊನೆಯ ಸಾಲಿಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಓದುತ್ತಾರೆ. ನಾನೂ ಮೊದಲ ಸಲ ಓದಿದಾಗ ಸಿಂಕಿಗೆ ಹೋಗಿ ತೊಳೆದಿದ್ದ ಬಟ್ಟಲನ್ನೇ ಮತ್ತೆ ತೊಳೆದೆ. ಕಚ್ಚದೆ, ಬೊಗಳದೆ, ಒಂದು ದಿನ ಎದ್ದು ಹೋದ ಇನ್ನೊಬ್ಬರ ನೆನಪಾಯಿತು. ಆ ಮನುಷ್ಯ ಒಂದು ಸಲವಾದರೂ ಗುರ್ ಅಂದಿದ್ದರೆ ಕುರ್ಚಿ ಸರಿಸಿ ಜಾಗ ಮಾಡಿಕೊಡುತ್ತಿದ್ದೆನೋ ಏನೋ. ಜಗಳ ತೆಗೆದಿರಿ ಅಂತ ಮೇಲೆ ಬರೆದಿದ್ದೇನೆ. ತೆಗೆದವಳು ನಾನು, ನೀವು ‘ಸರಿ ಬಿಡು’ ಅಂದಿರಿ ಅಷ್ಟೇ.

ಇದನ್ನೆಲ್ಲ ನಿಮ್ಮಿಂದ ಮುಚ್ಚಿಡಬಹುದಿತ್ತು. ಸೆಕೆಗೆ ಕೂದಲು ತೆಗೆಸಿದೆ ಅಂದಿದ್ದರೆ ನೀವು ನಂಬುತ್ತಿದ್ದಿರಿ. ಆದರೆ ಮಕ್ಕಳು ಸುಳ್ಳು ಹೇಳುವುದನ್ನು ಇದರಿಂದಲೇ ಕಲಿಯುವುದು ಬೇಡ ಅನ್ನಿಸಿತು. ಮಕ್ಕಳು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ ಅಂತ ನೀವು ಬರೆದದ್ದು ನಿಜ. ಅದನ್ನು ನನ್ನ ಕೈಯಾರೆ ರುಜುವಾತು ಮಾಡಿ ಕಳಿಸುತ್ತಿದ್ದೇನೆ. ಭಾನುವಾರ ಬಂದು ನನ್ನ ನಾಯಿ ಕೊಡಿ ಅಂದರೆ ನಾನು ಅಡ್ಡ ನಿಲ್ಲುವುದಿಲ್ಲ. ಹಗ್ಗ, ಬಟ್ಟಲು, ಹಳೆಯ ಕಂಬಳಿ ಎಲ್ಲ ಜೋಡಿಸಿ ಇಟ್ಟಿರುತ್ತೇನೆ. ಮಕ್ಕಳಿಗೂ ಹೇಳಿದ್ದೇನೆ. ದೊಡ್ಡವಳು ಹೂಂ ಅಂದಳು, ಪುಟ್ಟ ಇನ್ನೂ ಅಂದಿಲ್ಲ.

ಒಂದೇ ಒಂದು ತೊಡಕು. ಡಾಕ್ಟರಮ್ಮ ಮುಲಾಮು ಕೊಟ್ಟಿದ್ದಾರೆ. ಹೊಸ ಕೂದಲು ಬರುವ ತನಕ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮೂತಿಗೆ, ಬಾಲದ ಗಾಯಕ್ಕೆ ಹಚ್ಚಬೇಕು. ದೊಡ್ಡವರು ಇಬ್ಬರು ಬೇಕೇ ಬೇಕು, ಒಬ್ಬರು ತಲೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಹಚ್ಚಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ ಅಂದಿದ್ದಾರೆ. ನಿಮ್ಮ ಹೊಸ ಮನೆಯಲ್ಲಿ ನೀವೊಬ್ಬರೇ. ಇಲ್ಲಿ ನಾನೊಬ್ಬಳೇ. ಕೂದಲು ಬರಲು ಸಾಕಷ್ಟು ದಿನ ಬೇಕಂತೆ. ಹೇಗೆ ಮಾಡುವುದು ಅಂತ ನೀವೇ ಯೋಚಿಸಿ ಹೇಳಿ. ಮುಂದಿನ ಕೋಣೆಯ ಬೆಂಚನ್ನು ಗೋಡೆಗೆ ಸರಿಸಿದ್ದೇನೆ, ಈಗ ಅಲ್ಲಿ ಒಬ್ಬರು ಕಾಲು ಚಾಚಿ ಕೂರಬಹುದು.

ಇಂತಿ,
ಮೆಟ್ಟಿಲ ಮೇಲಿಂದ,
ನಿಮ್ಮ ಮಕ್ಕಳ ಅಮ್ಮ

ವಿ.ಸೂ.: ಸುಳ್ಳು ಬೇಡ ಅಂತ ಬರೆದ ಮೇಲೆ ಇದನ್ನೂ ಬರೆಯಬೇಕು. ಡಾಕ್ಟರಮ್ಮ ಹೇಳಿದ್ದು, ಪಾಪದ ನಾಯಿ, ಒಬ್ಬರೇ ಆರಾಮಾಗಿ ಹಚ್ಚಬಹುದು ಅಂತ. ಇಬ್ಬರು ಬೇಕು ಅಂದದ್ದು ನಾನು.